ವಾಪಸ್ ಹೋದವರ ಲೆಕ್ಕ

ಕಳೆದ ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತಳಾದೆ. ಮೂವತ್ತೊಂದು ವರ್ಷ ಒಂದೇ ವಿಷಯ ಹಿಡಿದು ಕೂತಿದ್ದೆ: ಸಾರ್ವಜನಿಕ ಸೇವೆಗಳ ನಿರ್ವಹಣೆ. ಹೊರಗಿನವರು ಕೇಳಿದರೆ "ಕಚೇರಿ, ಆಸ್ಪತ್ರೆ, ನೀರು, ಪೊಲೀಸು, ಇವೆಲ್ಲ ಜನರಿಗೆ ಹೇಗೆ ತಲುಪ್ತವೆ, ಯಾಕೆ ತಲುಪಲ್ಲ ಅಂತ ನೋಡೋದು" ಎನ್ನುತ್ತಿದ್ದೆ. "ಅದಕ್ಕೂ ಪಿಎಚ್‌.ಡಿ. ಬೇಕಾ?" ಎಂದವರೇ ಹೆಚ್ಚು. ಬೀಳ್ಕೊಡುಗೆಯ ದಿನ ನನ್ನ ಲೇಖನಗಳ ಪಟ್ಟಿಯನ್ನು ಪೂರ್ತಿ ಓದಿದರು. ಕೇಳುತ್ತಾ ಕೂತಿದ್ದ ನನಗೆ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಇಬ್ಬರು ನೆನಪಾಗುತ್ತಲೇ ಇದ್ದರು. ಮೊದಲನೆಯವರಿಗೆ ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಸಿಕ್ಕಿದ್ದು ಎರಡೇ ಪದ: "ಕಚೇರಿ ಸಿಬ್ಬಂದಿಗೆ". ಆ ಬಾಕಿ ತೀರಿಸಲು ಇದನ್ನು ಬರೆಯುತ್ತಿದ್ದೇನೆ.

ಸಂಶೋಧನೆಗೆ ಸೇರಿದ ಹೊಸತು. ಕೈಯಲ್ಲಿ ಒಂದು ಸ್ಟಾಪ್‌ವಾಚ್, ಗೆರೆ ಹಾಕಿದ ನೋಟ್‌ಬುಕ್. ಒಂದು ಕಚೇರಿಯ ಕೌಂಟರಿನ ಪಕ್ಕ ಸ್ಟೂಲ್ ಹಾಕಿಕೊಂಡು, ಸಾಲಿಗೆ ಬಂದವರು ಎಷ್ಟೆಷ್ಟು ಹೊತ್ತು ಕಾಯುತ್ತಾರೆ ಎಂದು ಬರೆದುಕೊಳ್ಳುತ್ತಿದ್ದೆ. ಸರತಿ ಸಾಲಿನ ಗಣಿತ ಆಗಷ್ಟೇ ತಲೆಗೇರಿತ್ತು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ಲೆಕ್ಕದಿಂದ ಶುರು ಮಾಡಿದ ಶಾಸ್ತ್ರ ಅದು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರವಂತೂ ನನಗೆ ಬಾಯಿಪಾಠ: ಗಂಟೆಗೆ 20 ಜನ ಬಂದು, ತಲಾ ಅರ್ಧ ಗಂಟೆ ಇದ್ದು ಹೋಗುತ್ತಾರೆ ಎಂದರೆ, ಯಾವಾಗ ನೋಡಿದರೂ ಒಳಗೆ ಸರಾಸರಿ ಹತ್ತು ಜನ. ನನ್ನ ಅಂಕಿಗಳು ಸೂತ್ರಕ್ಕೆ ಅಚ್ಚುಕಟ್ಟಾಗಿ ಕೂತಿದ್ದು ನೋಡಿ ಹಿಗ್ಗಿಹೋಗಿದ್ದೆ.

ಕೌಂಟರಿನ ಹಿರಿಯ ಗುಮಾಸ್ತರು ಮೂರು ವಾರ ನನ್ನ ಜೊತೆ ಮಾತೇ ಆಡಲಿಲ್ಲ. ಒಂದು ಮಧ್ಯಾಹ್ನ, ಸಾಲು ಕರಗಿದ ಮೇಲೆ, ಕನ್ನಡಕವನ್ನು ಹಣೆಗೇರಿಸಿ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕಾಲಂ ಕಾಲಮ್ಮಾಗಿ ಬೆರಳಿಟ್ಟು ನೋಡಿದರು. "ನೋಡಮ್ಮಾ, ಎಲ್ಲ ಸರಿಯಾಗೇ ಬರ್ದಿದ್ದೀಯ. ಬಾಗಿಲ ತನಕ ಬಂದು, ಸಾಲು ನೋಡಿ ವಾಪಸ್ ಹೋದೋರು ಇದರಲ್ಲಿ ಎಲ್ಲಿದ್ದಾರೆ?"

ಇರಲಿಲ್ಲ. ಮರುದಿನ ಸ್ಟೂಲನ್ನು ಗೇಟಿನ ಹತ್ತಿರ ಒಯ್ದೆ. ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ಬಂದಳು, ಕತ್ತು ಚಾಚಿ ಒಳಗಿನ ಸಾಲು ನೋಡಿದಳು, ಕಾಗದವಿದ್ದ ಪ್ಲಾಸ್ಟಿಕ್ ಕವರನ್ನು ಮತ್ತೆ ಮಡಚಿ ಕಂಕುಳಿಗೆ ಸೇರಿಸಿ ಹೊರಟುಹೋದಳು. ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಮುಗಿದಿತ್ತು. ನನ್ನ ಹಳೆಯ ಲೆಕ್ಕದಲ್ಲಿ ಅವಳು ಬಂದೇ ಇರಲಿಲ್ಲ. ಸಾಲು ಬೆಳೆದಷ್ಟೂ ಇಂಥವರು ಹೆಚ್ಚು. ಇವರು ಹೋದಷ್ಟೂ ಸಾಲು ಗಿಡ್ಡ, ಸರಾಸರಿ ಚೆಂದ. ಸರತಿ ಶಾಸ್ತ್ರದಲ್ಲಿ ಇದಕ್ಕೂ ಒಂದು ಹೆಸರಿದೆ, ಅದನ್ನು ಓದಿಯೂ ಇದ್ದೆ. ಪರೀಕ್ಷೆಗೆ ಓದಿದ್ದೆ, ಅಷ್ಟೆ. ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದರೆ ಆ ಗುಮಾಸ್ತರು ಗಾಬರಿಯಾಗಿ "ಹೆಸರು ಗಿಸರು ಬೇಡಮ್ಮಾ, ರಿಟೈರ್ ಆಗೋಕೆ ಇನ್ನೂ ಎರಡು ವರ್ಷ ಇದೆ" ಎಂದುಬಿಟ್ಟರು. ಎರಡು ಪದದಲ್ಲಿ ಮುಗಿದದ್ದಕ್ಕೆ ಅದೊಂದು ಕಾರಣ. ಇನ್ನೊಂದು, ಆ ವಯಸ್ಸಿನ ನನ್ನ ಜಂಬ. ವಾಪಸ್ ಹೋದವರ ಅಧ್ಯಾಯ ನನ್ನದೇ ಹೊಳಹು ಎಂಬಂತೆ ಬರೆದಿದ್ದೆ.

ಎರಡನೆಯವರು ಟಪಾಲು ವಿಭಾಗದ ಒಬ್ಬ ಮಹಿಳೆ. ಆಗ ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಕಾಲವೂ ಅಳತೆಯ ಕಾಲ. 1991ರಲ್ಲಿ ಬ್ರಿಟನ್ನಿನ ಜಾನ್ ಮೇಜರ್ ಸರ್ಕಾರ ನಾಗರಿಕ ಸನ್ನದು, ಅಂದರೆ ಸೇವೆ ಇಂಥ ಮಟ್ಟದಲ್ಲಿ ಸಿಗುತ್ತದೆ ಎಂದು ಜನರಿಗೆ ಕೊಡುವ ಲಿಖಿತ ಮಾತು, ತಂದಿತ್ತು. ಅದೇ ವರ್ಷ ಕ್ರಿಸ್ಟೋಫರ್ ಹುಡ್ ಬರೆದ ಲೇಖನದಿಂದ 'ನವ ಸಾರ್ವಜನಿಕ ನಿರ್ವಹಣೆ' ಎಂಬ ಹೆಸರು ಎಲ್ಲರ ಬಾಯಿಗೆ ಬಂದಿತ್ತು. ಗುರಿ ಕೊಡಿ, ಅಳೆಯಿರಿ, ಫಲಿತಾಂಶ ಕೇಳಿ. ಹುಡ್ ಅದನ್ನು ಪ್ರಶ್ನಿಸಿಯೂ ಇದ್ದರು, ಆ ಪುಟಗಳನ್ನು ನಾನು ಬೇಗ ಬೇಗ ತಿರುವಿಹಾಕಿದ್ದೆ. ಒಂದು ಇಲಾಖೆಯಲ್ಲಿ ಅರ್ಜಿ ವಿಲೇವಾರಿಗೆ ಗಡುವು ಹಾಕಿದ ಮೇಲೆ ಸರಾಸರಿ ದಿನಗಳು ಅರ್ಧಕ್ಕಿಳಿದಿವೆ ಎಂದು ನಾನೂ ಒಬ್ಬ ಸಹೋದ್ಯೋಗಿಯೂ ಬರೆದೆವು. ಒಳ್ಳೆಯ ಪತ್ರಿಕೆಯಲ್ಲಿ ಬಂತು. ಭಾಷಣಕ್ಕೆ ಕರೆಗಳು ಬಂದವು. ಒಂದು ಭಾಷಣ ಅದೇ ಕಚೇರಿಯಲ್ಲಿ.

ಮುಗಿದ ಮೇಲೆ ಆಕೆ "ಮೇಡಂ, ಒಂದ್ನಿಮಿಷ ಒಳಗೆ ಬನ್ನಿ" ಎಂದು ಕರೆದೊಯ್ದು ಇನ್‌ವರ್ಡ್ ರಿಜಿಸ್ಟರ್ ತೆಗೆದರು. ಬೆರಳು ತಾಗಿ ತಾಗಿ ಪುಟದ ಅಂಚು ಕಂದಾಗಿತ್ತು. ಮೂರು ಕಡೆ ತೋರಿಸಿದರು: ಒಂದೇ ಹೆಸರು, ಒಂದೇ ಕೆಲಸ, ಮೂರು ಬೇರೆ ಬೇರೆ ನಂಬರ್. ಗಡುವು ಹತ್ತಿರ ಬಂದ ಕೂಡಲೇ "ದಾಖಲೆ ಅಪೂರ್ಣ" ಎಂದು ಹಿಂಬರಹ ಕೊಟ್ಟು ಅರ್ಜಿ ವಾಪಸ್. ಪುಸ್ತಕದಲ್ಲಿ ಅದು ವಿಲೇ. ಆತ ಕಾಗದ ಜೋಡಿಸಿ ಮತ್ತೆ ತಂದರೆ ಹೊಸ ನಂಬರ್, ದಿನದ ಎಣಿಕೆ ಮತ್ತೆ ಒಂದರಿಂದ. ಆ ಮನುಷ್ಯನಿಗೆ ಕೆಲಸ ಆಗಲು ಐದು ತಿಂಗಳು ಹಿಡಿದಿತ್ತು. ನಮ್ಮ ಲೇಖನದಲ್ಲಿ ಅವನು ಗಡುವಿನೊಳಗೆ ಕೆಲಸ ಮುಗಿದ ಮೂವರು ಅರ್ಜಿದಾರರು.

ಎರಡು ದಿನ ಯಾರಿಗೂ ಹೇಳಲಿಲ್ಲ. ಒಂದು ಪುಟದ ಮಾತು, ಇಷ್ಟಕ್ಕೆ ಲೇಖನ ಬಿದ್ದುಹೋಗುವುದಿಲ್ಲ ಎಂದು ನನ್ನೊಳಗೇ ವಕಾಲತ್ತು ನಡೆಸಿದೆ. ಮೂರನೇ ದಿನ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ಇಲ್ಲಿ ಬರೆಯಲಾಗದ ಒಂದು ಮಾತು ಬೈದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹೋಗಿ ಎಣಿಸೋಣ" ಎಂದರು. ಬಡ್ತಿಯ ಅರ್ಜಿ ಮೇಜಿನ ಮೇಲಿಟ್ಟುಕೊಂಡಿದ್ದ ಮನುಷ್ಯ ಅವರು. ಆ ಅರ್ಜಿಯಲ್ಲಿ ಇದೇ ಲೇಖನ ಮೊದಲನೆಯದು. ಹೆಸರು, ವಿಳಾಸ ಹೊಂದಿಸುತ್ತಾ ಎರಡು ತಿಂಗಳು ರಿಜಿಸ್ಟರುಗಳ ಧೂಳಿನಲ್ಲಿ ಕೂತೆವು. ಸುಧಾರಣೆ ಪೂರ್ತಿ ಸುಳ್ಳಲ್ಲ, ಆದರೆ ನಾವು ಬರೆದಷ್ಟು ಖಂಡಿತ ಇರಲಿಲ್ಲ. ತಿದ್ದುಪಡಿ ಪ್ರಕಟಿಸಿದೆವು. ಭಾಷಣದ ಕರೆಗಳು ನಿಂತವು. ಸಹೋದ್ಯೋಗಿಗೆ ಬಡ್ತಿ ಮೂರು ವರ್ಷ ತಡವಾಯಿತು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಈ ಪುಟದಲ್ಲಿ ನನಗೆ ಹೇಳಲು ಕಷ್ಟವಾಗುವ ಥ್ಯಾಂಕ್ಸ್ ಅದು.

2006ರಲ್ಲಿ ಗ್ವಿನ್ ಬೆವನ್ ಮತ್ತು ಅದೇ ಹುಡ್ ಇಂಗ್ಲೆಂಡಿನ ಆರೋಗ್ಯ ಸೇವೆಯ ಬಗ್ಗೆ ಬರೆದದ್ದನ್ನು ಓದಿದಾಗ ಮನಸ್ಸು ಸ್ವಲ್ಪ ಹಗುರಾಯಿತು. ಜೀವಕ್ಕೆ ಅಪಾಯವಿರುವ ಕರೆಗಳಲ್ಲಿ ನೂರಕ್ಕೆ 75ಕ್ಕಾದರೂ ಆಂಬುಲೆನ್ಸ್ 8 ನಿಮಿಷದೊಳಗೆ ತಲುಪಬೇಕು ಎಂಬ ಗುರಿ ಅಲ್ಲಿತ್ತು. ಕೆಲವು ಕಡೆಯ ದಾಖಲೆಯಲ್ಲಿ 8 ನಿಮಿಷದ ಗೆರೆಯ ಈಚೆಗೆ ಕರೆಗಳ ಗುಡ್ಡೆ, ದಾಟಿದ ಕೂಡಲೇ ಇಳಿಜಾರು. ಗಾಡಿ ಹಾಗೆ ಓಡುವುದಿಲ್ಲ, ಪೆನ್ನು ಓಡುತ್ತದೆ. ಟಪಾಲು ವಿಭಾಗದ ಆಕೆ ಅದನ್ನು ಓದಿದ್ದರೆ "ಇದರಲ್ಲೇನಿದೆ ಮೇಡಂ" ಎನ್ನುತ್ತಿದ್ದರೇನೋ.

ನನ್ನ ಗೈಡ್ ಬಗ್ಗೆ ಒಂದು ಮಾತು. ಮೈಕೆಲ್ ಲಿಪ್ಸ್ಕಿ 1980ರಲ್ಲಿ ಹೇಳಿದ್ದನ್ನು, ಅಂದರೆ ಜನರ ಎದುರಿಗೆ ಕೂತ ಗುಮಾಸ್ತ, ಮೇಷ್ಟ್ರು, ಪೊಲೀಸ್ ತಮ್ಮ ಹೊತ್ತು ಸಾಲದ್ದಕ್ಕೆ ಮಾಡಿಕೊಳ್ಳುವ ಹೊಂದಾಣಿಕೆಯೇ ಕಡೆಗೆ ಸರ್ಕಾರದ ನೀತಿಯಾಗುತ್ತದೆ ಎಂಬುದನ್ನು, ಒಂದೇ ಅಧ್ಯಾಯದಲ್ಲಿ ಐದು ಸಲ ಉಲ್ಲೇಖಿಸಿದ್ದೆ. ಅಂಚಿನಲ್ಲಿ ಕೆಂಪು ಶಾಯಿ: "ಲಿಪ್ಸ್ಕಿ ಸಾಕು. ಗುಮಾಸ್ತರನ್ನು ಕೇಳಿದೆಯಾ?" ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಕೆಲಸದಲ್ಲಿದ್ದುಕೊಂಡೇ ಓದಲು ಬಂದ ಅಧಿಕಾರಿಗಳು. 2009ರಲ್ಲಿ ಎಲಿನಾರ್ ಆಸ್ಟ್ರಂ ಅವರಿಗೆ ನೊಬೆಲ್ ಬಂದಾಗ, ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಎಂಬ ಸಂಭ್ರಮದಲ್ಲಿ, ಅವರು 1970ರ ದಶಕದಲ್ಲಿ ಪೊಲೀಸ್ ಸೇವೆ ಅಧ್ಯಯನ ಮಾಡಿದ್ದನ್ನೂ, ಸೇವೆಯನ್ನು ಕೊಡುವವರೊಬ್ಬರೇ ಅಲ್ಲ, ಪಡೆಯುವವರೂ ಸೇರಿ ತಯಾರಿಸುತ್ತಾರೆ ಎಂಬ ವಿಚಾರವನ್ನೂ ಪಾಠ ಮಾಡಿದೆ. ಹಿಂದಿನ ಬೆಂಚಿನಿಂದ ಒಬ್ಬರು, "ಹಾಗಾದ್ರೆ ಅರ್ಜಿ ತುಂಬೋನೂ ನಮ್ಮ ಸ್ಟಾಫೇ ಅನ್ನಿ ಮೇಡಂ, ಸಂಬಳ ಇಲ್ಲ ಅಷ್ಟೆ" ಎಂದರು. ಕ್ಲಾಸೆಲ್ಲ ನಕ್ಕಿತು. ಅವರು ಊರಿಗೆ ಹೋಗಿ ತಮ್ಮ ಕಚೇರಿಯ ನಮೂನೆಯಲ್ಲಿ ಅರ್ಧಕ್ಕರ್ಧ ಕಾಲಂ ಹೊಡೆದುಹಾಕಿಸಿದರು. ಆ ಮಾತನ್ನು ಹದಿನೈದು ವರ್ಷ ನನ್ನ ಪಾಠಗಳಲ್ಲಿ ಬಳಸಿದ್ದೇನೆ, ಕೇಳದೆಯೇ. ಥ್ಯಾಂಕ್ಸ್ ಕಣ್ರೀ.

ಮನೆಯವರಿಗೆ ಇಲ್ಲಿ ಹೇಳಿದರೆ ಸಂಕೋಚಪಡುತ್ತಾರೆ, ಮನೆಯಲ್ಲೇ ಹೇಳಿದ್ದೇನೆ.

ಕೊಠಡಿ ಖಾಲಿ ಮಾಡುವಾಗ ಆ ಸ್ಟಾಪ್‌ವಾಚ್ ಸಿಕ್ಕಿತು. ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿಗೆ ಕೊಡಲು ಹೋದರೆ "ಫೋನಲ್ಲೇ ಇದೆ ಮೇಡಂ" ಎಂದು ನಕ್ಕಳು. ನೋಟ್‌ಬುಕ್ ಮಾತ್ರ ತೆಗೆದುಕೊಂಡಳು. ಆನ್‌ಲೈನ್ ಅರ್ಜಿಯನ್ನು ತೆರೆದು ಅರ್ಧಕ್ಕೇ ಬಿಟ್ಟವರು ಯಾವ ಪುಟದಲ್ಲಿ ಬಿಟ್ಟರು ಎಂದು ಅವಳು ಎಣಿಸುತ್ತಿದ್ದಾಳೆ.

ಅಂದಹಾಗೆ, ನನ್ನ ಪಿಂಚಣಿಯ ಕಾಗದಗಳು ನಿನ್ನೆ ಹಿಂಬರಹದ ಜೊತೆ ವಾಪಸ್ ಬಂದಿವೆ. ಏಳನೇ ಕಾಲಮ್ಮಿನಲ್ಲಿ ಸಹಿ ಇಲ್ಲವಂತೆ. ಸೋಮವಾರ ಹೋಗಿ ಕೊಟ್ಟರೆ ಹೊಸ ನಂಬರ್ ಬೀಳುತ್ತದೆ.