ಒಂದು ಕಟ್ಟು ಕೊತ್ತಂಬರಿ

ಕಳೆದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದು ಪ್ಯಾರಿಸ್ಸಿನಲ್ಲಿ ನಮ್ಮ ಜೊತೆ ಮೂರು ತಿಂಗಳಿದ್ದರು. ಎರಡನೇ ವಾರಕ್ಕೇ ನಾಲ್ಕು ಗೋಡೆ ಬೇಸರವಾಯಿತು. ಭಾನುವಾರ ಅಲಿಗ್ರ್ ಸಂತೆಗೆ ಕರೆದುಕೊಂಡು ಹೋದೆ. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ನಡೆಯುವ ಬೀದಿ ಸಂತೆ ಅದು. ಸೊಪ್ಪಿನ ರಾಶಿ ಕಂಡದ್ದೇ ಅಮ್ಮನ ಮುಖ ಅರಳಿತು, ಕೈ ನೇರ ಕೊತ್ತಂಬರಿಗೆ ಹೋಯಿತು. ಅಂಗಡಿಯವನು "ಮದಾಮ್!" ಎಂದು ತಡೆದ. ಇಲ್ಲಿ ಎಷ್ಟೋ ಅಂಗಡಿಗಳಲ್ಲಿ ನಾವೇ ಮುಟ್ಟಿ ಆರಿಸುವಂತಿಲ್ಲ, ಕೇಳಿದರೆ ಅವರೇ ಆರಿಸಿ ಕೊಡುತ್ತಾರೆ.

"ಏನಂತ ಕೇಳಬೇಕು, ಹೇಳೇ" ಎಂದರು ಅಮ್ಮ.

ಮೊದಲು "ಬೋಂಜೂರ್". ಅದನ್ನು ಹೇಳದೆ ಸಾಮಾನು ಕೇಳುವುದು ಇಲ್ಲಿನವರ ಕಣ್ಣಿಗೆ ಒರಟುತನ. ಆಮೇಲೆ "ಯೂನ್ ಬೊತ್ ದ ಕೊರಿಯಾಂದ್ರ್, ಸಿಲ್ ವು ಪ್ಲೆ". ಬೊತ್ ಎಂದರೆ ನಮ್ಮ ಕಟ್ಟು. ಅಮ್ಮ ಮೂರು ಸಲ ಬಾಯೊಳಗೇ ಹೇಳಿಕೊಂಡು, ನಾಲ್ಕನೇ ಸಲ ಗಟ್ಟಿಯಾಗಿ ಕೇಳಿದರು. ಸೊಪ್ಪು ಬಂತು. ಜೊತೆಗೆ "ಎ ಅವೆಕ್ ಸೆಸಿ?" ಎಂಬ ಪ್ರಶ್ನೆಯೂ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇನ್ನೇನು ಕೊಡಲಿ ಅಂತಿದಾನಲ್ಲವಾ?" ಎಂದರು. ಹೌದು, ಅದೇ. ಐವತ್ತು ವರ್ಷ ಸಂತೆ ಮಾಡಿದವರಿಗೆ ಆ ದನಿ ಸಾಕಿತ್ತು.

ಇದನ್ನು ಬರೆಯಲು ಕಾರಣವಿದೆ. ಮದುವೆಯಾಗಿ ಹೊಸದಾಗಿ ಬಂದ ನಮ್ಮ ಹೆಣ್ಣುಮಕ್ಕಳು ಸಾಮಾನು ತರಲು ಗಂಡನಿಗೆ ರಜೆ ಇರುವ ಶನಿವಾರಕ್ಕೆ ಕಾಯುತ್ತಾರೆ. ಹತ್ತು ವರ್ಷದಿಂದ ಇರುವವರೂ ಸೂಪರ್‌ಮಾರ್ಕೆಟ್ಟಿನಲ್ಲಿ ತುಟಿ ಬಿಚ್ಚದೆ ತಳ್ಳುಗಾಡಿ ತುಂಬಿಸಿಕೊಂಡು ಬರುತ್ತಾರೆ. ಪ್ಯಾರಿಸ್ಸಿನದೇ ಲಾ ಶಪೆಲ್ ಬಡಾವಣೆಯ ತಮಿಳರ ಅಂಗಡಿಗಳ ಋಣ ನಮ್ಮ ಮೇಲೆ ದೊಡ್ಡದು. ಕರಿಬೇವು, ಉದ್ದಿನಬೇಳೆ, ಬೆಲ್ಲಕ್ಕೆ ನಾವು ಅಲ್ಲಿಗೇ ಹೋಗುತ್ತೇವೆ. ಆದರೆ ಹೆಸರು ಗೊತ್ತಿದ್ದರೆ ಮಿಕ್ಕ ಎಷ್ಟೋ ಸಾಮಾನು ಮನೆಯ ಪಕ್ಕದಲ್ಲೇ ಸಿಗುತ್ತದೆ. ಮಸೂರ್ ಬೇಳೆಗೆ ಇವರು "ಲಾಂತಿ ಕೊರಾಯ್" ಎನ್ನುತ್ತಾರೆ, ಹವಳದ ಬೇಳೆ ಎಂದ ಹಾಗೆ. ಎಷ್ಟು ಚೆಂದದ ಹೆಸರು! ಸಣ್ಣ ರವೆ "ಸಮೂಲ್ ಫಿನ್", ಬೆಂಡೆಕಾಯಿ "ಗೊಂಬೊ". ಮೊಸರು ಗಟ್ಟಿಯಾಗಬೇಕಾದರೆ ಕೆಂಪು ಮುಚ್ಚಳದ "ಆಂತಿಯೆ" ಹಾಲು ತನ್ನಿ, ನೀಲಿ ಮುಚ್ಚಳದ್ದರಲ್ಲಿ ಅರ್ಧ ಕೆನೆ ತೆಗೆದಿರುತ್ತಾರೆ. ಜೀರಿಗೆ "ಕ್ಯುಮ್ಯಾಂ". ಪಕ್ಕದಲ್ಲೇ ಇರುವ "ಕಾರ್ವಿ" ನೋಡಲು ಥೇಟ್ ಜೀರಿಗೆ, ರುಚಿ ಬೇರೆ. ಮೊದಲ ವರ್ಷ ಕೇಳಲು ಸಂಕೋಚಪಟ್ಟು ನಾನು ಅದನ್ನೇ ತಂದಿದ್ದೆ. ಯುಗಾದಿಯ ಸಾರು ಯಾರಿಗೂ ಸೇರಲಿಲ್ಲ.

1795ರಲ್ಲೇ ಮೆಟ್ರಿಕ್ ಅಳತೆ ತಂದ ದೇಶ ಇದು. ಆದರೂ ಸಂತೆಯಲ್ಲಿ ಇಂದಿಗೂ "ಯೂನ್ ಲೀವ್ರ್" ಎಂದರೆ ಅರ್ಧ ಕಿಲೊ ತೂಗಿ ಕೊಡುತ್ತಾರೆ. ಅಜ್ಜಿಯ ಬಾಯಲ್ಲಿ ಸೇರು, ಪಾವು ಉಳಿದ ಹಾಗೆ ಇದೂ ಉಳಿದಿದೆ. "ಸುಕ್ರ್" ಅಂತೂ ಅರಬ್ಬರ ಬಾಯಿಂದ ಹಾದು ಬಂದ ನಮ್ಮ ಶರ್ಕರವೇ. ಪರಭಾಷೆ ಎಂದು ಹೆದರುವವರಿಗೆ ನಾನು ಮೊದಲು ತೋರಿಸುವುದು ಈ ಪದವನ್ನು.

ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಲದ್ರು ರೊಲಾಂ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಸೇರೋಣ, ಅಲ್ಲಿಂದ ಅಲಿಗ್ರ್‌ಗೆ ನಡೆದು ಹೋಗಬಹುದು. ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನೂ ಕರೆತನ್ನಿ. ಫ್ರೆಂಚ್ ಬರುವವರು ಎರಡು ಹೆಜ್ಜೆ ಹಿಂದೆ ನಿಲ್ಲಲಿ, ಬಾರದವರು ಮುಂದೆ ನಿಂತು ಕೇಳಲಿ. ಬಟ್ಟೆ ಚೀಲ ಮರೆಯಬೇಡಿ.