ಇಂಪೆಲ್ಲರ್ ನನಗೆ ತಿಳಿಯುವುದಿಲ್ಲ ಎಂದವರ ಮೇಲೆ ದೂರು

ಹುಬ್ಬಳ್ಳಿ, 18 ನವೆಂಬರ್ 2024

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕಂಪನಿಯ ಮುಖ್ಯ ಕಚೇರಿ.

ವಿಷಯ: ನನ್ನ ಕಾರಿನಲ್ಲಿ ರೀಕಾಲ್ ಆಗಿದ್ದ (ದೋಷವಿದೆ ಎಂದು ಕಂಪನಿಯೇ ವಾಪಸ್ ಕರೆದು ಪುಕ್ಕಟೆ ಬದಲಿಸಬೇಕಾಗಿದ್ದ) ಫ್ಯೂಯೆಲ್ ಪಂಪಿಗೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಒತ್ತುವ ಪಂಪಿಗೆ, ನನ್ನಿಂದ ವಸೂಲು ಮಾಡಿದ 86,400 ರೂಪಾಯಿ ಹಾಗೂ ಇತರ ಸಂಗತಿಗಳು.

ಮಾನ್ಯರೇ,

ಇಲ್ಲಿಯವರೆಗೆ ಹನ್ನೊಂದು ಸಲ ಫೋನು ಮಾಡಿದ್ದೇನೆ, ನಾಲ್ಕು ಇ-ಮೇಲ್ ಕಳಿಸಿದ್ದೇನೆ. ನಾಲ್ಕಕ್ಕೂ ಅರ್ಧ ನಿಮಿಷದೊಳಗೆ ಒಂದೇ ಉತ್ತರ ಬಂತು, ನಾಲ್ಕರಲ್ಲೂ ನನ್ನ ಅಡ್ಡಹೆಸರು ತಪ್ಪಾಗಿತ್ತು. ಮೊನ್ನೆ ಶುಕ್ರವಾರ ನಿಮ್ಮಿಂದ ಒಂದು ಮೆಸೇಜ್ ಬಂತು: ನನ್ನ ದೂರು ತೃಪ್ತಿಕರವಾಗಿ ಮುಕ್ತಾಯವಾಗಿದೆಯಂತೆ, ಐದು ಸ್ಟಾರ್ ಕೊಡಬೇಕಂತೆ. ಯಾರಿಗೆ ತೃಪ್ತಿಯಾಯಿತು ಎಂದು ತಿಳಿಯಲಿಲ್ಲ. ಹಾಗಾಗಿ ಈ ಕಾಗದವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಗಾಡಿಯನ್ನು 2021ರ ಆಗಸ್ಟ್ 20ರಂದು ತೆಗೆದುಕೊಂಡೆ. ಆನ್‌ರೋಡ್ ಎಂಬತ್ತು ಲಕ್ಷ ದಾಟಿತು. ಅದರಲ್ಲಿ ನೂರಕ್ಕೆ ಹದಿನೆಂಟರಂತೆ ರಸ್ತೆ ತೆರಿಗೆಯೂ ಇತ್ತು. (ಆ ತೆರಿಗೆಯಲ್ಲಿ ಯಾವ ರಸ್ತೆ ಮಾಡಿದರು ಎಂದು ಬೇರೆಯವರಿಗೆ ಬೇರೆ ಪತ್ರ ಬರೆಯಬೇಕು.) ಮೂರು ವರ್ಷ ಎಲ್ಲ ಸರ್ವಿಸನ್ನೂ ನಿಮ್ಮಲ್ಲೇ ಮಾಡಿಸಿದ್ದೇನೆ.

ಸೆಪ್ಟೆಂಬರ್ 8, ಚೌತಿಯ ಮರುದಿನ, ರವಿವಾರ. ಧಾರವಾಡದಲ್ಲಿ ತಂಗಿಯ ಮನೆಯ ಗಣಪತಿ ನೋಡಲು ಅವ್ವನನ್ನು ಕರೆದುಕೊಂಡು ಹೊರಟಿದ್ದೆ. ಅವ್ವನಿಗೆ 78, ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕಡುಬಿನ ಡಬ್ಬಿ. ನವನಗರದ ಕಡೆ ಹಬ್ಬದ ಗದ್ದಲ ಬೇಡವೆಂದು ಬೈಪಾಸ್ ಹಿಡಿದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ರಸ್ತೆ ಎಂಥದ್ದು ಎಂದು ಈ ಭಾಗದ ಹುಡುಗರಿಗೂ ಗೊತ್ತು. 2021ರ ಸಂಕ್ರಾಂತಿಯ ಮರುದಿನ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಗಾಡಿಗೆ ಟಿಪ್ಪರ್ ಬಡಿದದ್ದು ಅದೇ ರಸ್ತೆಯಲ್ಲಿ, ಇಟಗಟ್ಟಿ ಹತ್ತಿರ. ನಿಮ್ಮ ಗಾಡಿ ನಿಂತದ್ದೂ ಇಟಗಟ್ಟಿ ಹತ್ತಿರವೇ.

ಎಂಜಿನ್ ಎರಡು ಸಲ ಕೆಮ್ಮಿ ಬಂದ್ ಆಯಿತು. ಬ್ರೇಕ್ ಎರಡು ಸಲ ಹಿಡಿಯಿತು, ಮೂರನೇ ಸಲಕ್ಕೆ ಪೆಡಲ್ ಕಲ್ಲಾಗಿತ್ತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ್ದನ್ನು ಬಿಡಲೇ ಇಲ್ಲ. ಬಲಕ್ಕೆ ಸರಿದು ನಮ್ಮನ್ನು ದಾಟಿ ಹೋದ, ಅವನ ಪುಣ್ಯ. ಇಟಗಟ್ಟಿಯ ಒಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ, ಹಗ್ಗ ಕಟ್ಟಿ, ಎರಡು ಟನ್ನಿನ ಗಾಡಿಯನ್ನು ಬದಿಗೆ ಎಳೆದರು. ರೊಕ್ಕ ತೆಗೆದುಕೊಳ್ಳಲಿಲ್ಲ, ಎರಡು ಕಡುಬು ತೆಗೆದುಕೊಂಡರು.

ಮರುದಿನ ಸೋಮವಾರ ಹತ್ತೂವರೆಗೆ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿನಲ್ಲಿದ್ದೆ. ಅಲ್ಲಿ ನಡೆದ ಮಾತನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಜಾಬ್ ಕಾರ್ಡಿನಲ್ಲಿ ಅದು "ಗ್ರಾಹಕರಿಗೆ ವಿವರಿಸಲಾಗಿದೆ" ಎಂಬ ಎರಡೇ ಪದ ಆಗಿದೆ.

ಅಂಗಡಿಯಿಂದ ನೆಟ್ಟಗೆ ಹೋಗಿದ್ದೆ, ಅಂಗಿಯ ತೋಳಿಗೆ ಗ್ರೀಸ್ ಹತ್ತಿತ್ತು. ಟ್ಯಾಬ್ ಹಿಡಿದ ಹುಡುಗ, ಇಪ್ಪತ್ತೈದು ಇರಬಹುದು, ಮೊದಲು ಕೇಳಿದ್ದು: "ಗಾಡಿ ಮಾಲೀಕರು ಬರ್ತಾರೇನ್ರಿ? ಸಹಿ ಬೇಕಿತ್ತು." ನಾನೇ ಎಂದೆ. ಆರ್‌ಸಿ ನೋಡಿದ, ನನ್ನನ್ನು ನೋಡಿದ, ಮತ್ತೆ ಆರ್‌ಸಿ ನೋಡಿದ.

"ಅಂಕಲ್, ಪೆಟ್ರೋಲ್ ಎಲ್ಲಿ ಹಾಕಸ್ತೀರಿ?"

"ಗೋಕುಲ ರೋಡಿನ್ಯಾಗ."

"ಹಳ್ಳಿ ಕಡೆ ಬಂಕಿನ್ಯಾಗ ಎಂದರ ಹಾಕ್ಸೀರೇನು? ನೆನಪ ಮಾಡ್ಕೋರಿ."

ಇದನ್ನೇ ಮೂರು ಸಲ ಕೇಳಿದ, ಮೂರನೇ ಸಲ ತುಸು ಗಟ್ಟಿ ದನಿಯಲ್ಲಿ. ಆಚೆ ಸೋಫಾದಲ್ಲಿ ಕೂತಿದ್ದ ದಂಪತಿ ತಿರುಗಿ ನೋಡಿದರು. ಆಮೇಲೆ ಹೋಗಿ ಬಟನ್ ಒತ್ತಿದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

"ನೋಡ್ರಿ, ಏನೂ ಆಗಿಲ್ಲ."

"ತಮ್ಮಾ, ತಣ್ಣಗಿದ್ದಾಗ ಚಾಲೂ ಆಗೇ ಆಗ್ತದ. ಬಿಸಿ ಆದಮ್ಯಾಲೆ ಪಂಪ್ ಹಿಡ್ಕೊಳ್ತದ. ಒಳಗ ತಿರಗೋ ಚಕ್ರ, ಇಂಪೆಲ್ಲರ್, ಅದನ್ನ ನೋಡಸ್ರಿ."

ಹುಡುಗ ರಿಸೆಪ್ಶನ್ ಕಡೆ ನೋಡಿ ನಕ್ಕ. "ಇಂಪೆಲ್ಲರ್ ಗಿಂಪೆಲ್ಲರ್ ಬಾವಿ ಪಂಪಿನ್ಯಾಗ ಇರ್ತದ ಅಂಕಲ್. ಇದು ಬ್ಯಾರೆ ಟೆಕ್ನಾಲಜಿ. ನಿಮಗ ತಿಳಿಯಂಗಿಲ್ಲ."

ರೀಕಾಲ್ ಏನಾದರೂ ಇದೆಯೇ ಎಂದು ಕೇಳಿದೆ. ಚಾಸಿಸ್ ನಂಬರ್ ಒತ್ತಿ, "ನಿಮ್ಮ ಗಾಡಿಗೆ ಏನೂ ಇಲ್ಲ" ಎಂದ. ವಾರಂಟಿ ಮುಗಿದು ಇಪ್ಪತ್ತು ದಿನ ಆಗಿದೆ ಎಂಬುದನ್ನು ಮಾತ್ರ ಏನೂ ಒತ್ತದೆ ಹೇಳಿದ. ಚಹಾ ಬೇಕಿದ್ದರೆ ಡ್ರೈವರ್ ರೂಮಿನಲ್ಲಿದೆ ಎಂದು ಕೈ ತೋರಿಸಿದ. ಹೋಗಿ ಕೂತೆ. ಡ್ರೈವರುಗಳು ಸರಿದು ಜಾಗ ಕೊಟ್ಟರು. ಆ ಕಟ್ಟಡದಲ್ಲಿ ನನಗೆ ಸಿಕ್ಕ ಮರ್ಯಾದೆ ಅಷ್ಟೇ. ಚಹಾನೂ ಚಲೋ ಇತ್ತು.

ಮಾನ್ಯರೇ, ನಾನು ಮೂವತ್ತೊಂದು ವರ್ಷದಿಂದ ಪಂಪ್‌ಸೆಟ್ ಮಾರುತ್ತಿದ್ದೇನೆ, ರಿಪೇರಿ ಮಾಡುತ್ತಿದ್ದೇನೆ. ನೀರಿಲ್ಲದೆ ಓಡಿಸಿದ ಬೋರ್‌ವೆಲ್ ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ ಕಾದು ಹಿಡಿದುಕೊಂಡಾಗ ಮೋಟರು ಹೇಗೆ ನರಳುತ್ತದೆ ಎಂದು ದನಿ ಕೇಳಿಯೇ ಹೇಳುತ್ತೇನೆ. ಗುರುತು ಸಿಗದೆ ಇರಲು ಕಾರಣ ಆ ಅಂಗಿಯೇ ಇರಬೇಕು.

ಮೂರು ದಿನದ ನಂತರ ಪ್ರೆಶರ್ ಕಡಿಮೆ ಇದೆ ಎಂದು ಪಂಪ್ ಬದಲಿಸಿ 86,400ರ ಬಿಲ್ ಕೊಟ್ಟರು. ಹಳೆಯ ಪಂಪ್ ಕೇಳಿದರೆ, ಕೊಡುವ ಪಾಲಿಸಿ ಇಲ್ಲವಂತೆ. ನನ್ನ ಅಂಗಡಿಯಲ್ಲಿ ಐವತ್ತು ರೂಪಾಯಿಯ ಬುಶ್ ಬದಲಿಸಿದರೂ ಹಳೆಯದನ್ನು ರೈತನ ಕೈಗೆ ಕೊಡುತ್ತೇವೆ. ಸಂಜೆ ಆರರವರೆಗೆ ಅಲ್ಲಿಂದ ಏಳಲಿಲ್ಲ. ಕೊನೆಗೆ ಬ್ರೆಡ್ಡಿನ ಕವರಿನಲ್ಲಿ ಹಾಕಿ ಕೊಟ್ಟರು.

ಅದೇ ರಾತ್ರಿ ಬೆಂಚಿನ ಮೇಲೆ ಬಿಚ್ಚಿದೆ. ಒಳಗಿದ್ದದ್ದು ಇಂಪೆಲ್ಲರ್. ಬಾವಿ ಪಂಪಿನಲ್ಲಿ ಇರುವಂಥದ್ದೇ, ಹತ್ತರ ನಾಣ್ಯಕ್ಕಿಂತ ತುಸು ದೊಡ್ಡದು, ಕರಿ ಪ್ಲಾಸ್ಟಿಕ್, ಅಂಚಿಗೆ ಸಣ್ಣ ಹಲ್ಲು. ಒಂದು ಮಗ್ಗುಲು ಮಂಕು, ಇನ್ನೊಂದು ಮಗ್ಗುಲು ಉಜ್ಜಿ ಉಜ್ಜಿ ಕನ್ನಡಿ. ಎದುರಿನ ಕವಚದ ಮೇಲೆ ಅರ್ಧಚಂದ್ರದ ಗೀರು. ಉಗುರಿನಿಂದ ತಿರುಗಿಸಿದರೆ ಮುಕ್ಕಾಲು ಸುತ್ತು ಸಲೀಸಾಗಿ ಹೋಗಿ, ಅದೇ ಗೀರಿನ ಹತ್ತಿರ ಗಕ್ಕನೆ ನಿಲ್ಲುತ್ತಿತ್ತು.

ಮಗಳು ನಿಮ್ಮ ಜಾಲತಾಣ ತೆಗೆದು ಆರ್‌ಸಿ ನೋಡಿ ಚಾಸಿಸ್ ನಂಬರ್ ಹಾಕಿದಳು. ಜೂನ್ ತಿಂಗಳಿಂದ ನನ್ನ ಗಾಡಿ ರೀಕಾಲ್‌ನಲ್ಲಿದೆ! ಕಾರಣವನ್ನೂ ನೀವೇ ಬರೆದಿದ್ದೀರಿ: ಇಂಪೆಲ್ಲರಿನ ಪ್ಲಾಸ್ಟಿಕ್ ಸಾಂದ್ರತೆ ಕಡಿಮೆ, ಪೆಟ್ರೋಲ್ ಹೀರಿ ಉಬ್ಬುತ್ತದೆ, ಕವಚಕ್ಕೆ ಉಜ್ಜಿ ಪಂಪ್ ನಿಲ್ಲುತ್ತದೆ, ಓಡುವಾಗಲೇ ಎಂಜಿನ್ ಬಂದ್ ಆಗಬಹುದು, ಬದಲಾವಣೆ ಉಚಿತ. ಹಾಗಾದರೆ ಆ ಹುಡುಗನ ಟ್ಯಾಬಿನಲ್ಲಿ ಏಕೆ ಸಿಗಲಿಲ್ಲ? ಜಾಬ್ ಕಾರ್ಡ್ ತೆಗೆದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದೆವು. ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಇದೆ. ಹದಿನೇಳು ಅಕ್ಷರದ ಆ ನಂಬರಿನಲ್ಲಿ ಐ, ಓ, ಕ್ಯೂ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು. ಜಗತ್ತಿನ ಎಲ್ಲ ಕಾರು ಕಂಪನಿಗಳಿಗೂ ಇದು ಗೊತ್ತು, ನಿಮಗೂ ಗೊತ್ತಿರಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಿಂದ ನನಗೆ ಇಪ್ಪತ್ತಾರು ಮೆಸೇಜ್ ಬಂದಿವೆ, ಎಣಿಸಿದ್ದೇನೆ. ಹೊಸ ಮಾಡೆಲ್, ಎಕ್ಸ್‌ಚೇಂಜ್, ಮದುವೆಯ ವಾರ್ಷಿಕೋತ್ಸವದ ಶುಭಾಶಯ. ಪಂಪ್ ನಿಲ್ಲಬಹುದು ಎಂಬ ಮೆಸೇಜ್ ಒಂದೂ ಇಲ್ಲ. ಕಸ್ಟಮರ್ ಕೇರ್‌ನವರು ಕೊಟ್ಟ ಉತ್ತರವನ್ನಂತೂ ನಮ್ಮ ಬಜಾರಿನಲ್ಲಿ ಹೇಳಿ ಹೇಳಿ ಎಲ್ಲರಿಗೂ ಬಾಯಿಪಾಠ ಆಗಿದೆ: ಪಂಪ್ ಬದಲಾಗಿರುವುದರಿಂದ ಈಗ ಗಾಡಿಯಲ್ಲಿ ದೋಷವಿಲ್ಲ, ದೋಷವಿಲ್ಲದ ಗಾಡಿಗೆ ರೀಕಾಲ್ ಅನ್ವಯಿಸುವುದಿಲ್ಲ, ಆದ್ದರಿಂದ ಹಣ ವಾಪಸ್ ಇಲ್ಲ. ಗುಡ್‌ವಿಲ್ ಎಂದು ಮುಂದಿನ ಸರ್ವಿಸಿನ ಕೂಲಿಯಲ್ಲಿ ನೂರಕ್ಕೆ ಹತ್ತು ಬಿಡುತ್ತಾರಂತೆ.

ಇನ್ನೊಂದು ಮಾತು, ಇದೇ ದೊಡ್ಡದು. ಬಿಲ್ಲಿನಲ್ಲಿರುವ ಹೊಸ ಪಂಪಿನ ಪಾರ್ಟ್ ನಂಬರೂ ಹಳೆಯ ಪಂಪಿನ ಮೈಮೇಲಿನ ನಂಬರೂ ಒಂದೇ. ಕೆಟ್ಟದ್ದನ್ನು ತೆಗೆದು ಕೆಡಲಿರುವುದನ್ನು ಹಾಕಿದ್ದೀರೋ ಹೇಗೆ? ಐದು ಸಲ ಕೇಳಿದ್ದೇನೆ, ಯಾರೂ ಬಾಯಿ ಬಿಟ್ಟಿಲ್ಲ. ಗಾಡಿ ಅಂದಿನಿಂದ ಶೆಡ್ಡಿನಲ್ಲಿದೆ. ಅವ್ವ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ, ರೀಕಾಲ್ ಕುರಿತ 110ಎ ಕಲಂ ನಿಮ್ಮ ವಕೀಲರ ಮೇಜಿನ ಮೇಲೆ ಇದ್ದೇ ಇರುತ್ತದೆ, ಬಿಡಿಸಿ ಹೇಳುವುದಿಲ್ಲ. ಈ ಕಾಗದ ಮುಟ್ಟಿದ ಹದಿನೈದು ದಿನದೊಳಗೆ 86,400 ವಾಪಸ್ ಬರಬೇಕು, ಸುಧಾರಿಸಿದ ಪಂಪ್ ಹಾಕಿ ಅದರ ನಂಬರನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಹುಡುಗನ ಕೆಲಸ ತೆಗೆಯಬೇಡಿ. ಒಂದು ದಿನ ನನ್ನ ಅಂಗಡಿಗೆ ಕಳಿಸಿ, ಇಂಪೆಲ್ಲರ್ ತೋರಿಸುತ್ತೇನೆ.

ಇಲ್ಲವಾದರೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ದೂರು ಹಾಕುತ್ತೇನೆ. ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಗಾಡಿಯ ಬೆಲೆ ಐವತ್ತು ಲಕ್ಷ ದಾಟಿದ್ದರಿಂದ ಜಿಲ್ಲಾ ಆಯೋಗ ನಡೆಯುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕಂತೆ. ದುಬಾರಿ ಗಾಡಿ ಕೊಂಡವನಿಗೆ ನ್ಯಾಯವೂ ದೂರ! ಇರಲಿ, ರೈಲಿದೆ.

ಆದರೆ ಅದಕ್ಕೂ ಮೊದಲು ಇನ್ನೊಂದಾಗುತ್ತದೆ. ನವಲಗುಂದದ ನನ್ನ ಗಿರಾಕಿಯೊಬ್ಬರ ಹತ್ತಿರ ಜೋಡಿ ಎತ್ತುಗಳಿವೆ, ಮಾತಾಗಿದೆ. ಗಾಡಿಗೆ ಹಗ್ಗ ಹಾಕುವ ಕೊಂಡಿ ಎಲ್ಲಿದೆ ಎಂದು ಇಟಗಟ್ಟಿಯಲ್ಲೇ ಕಲಿತಿದ್ದೇನೆ. ಗೋಕುಲ ರಸ್ತೆಯಿಂದ ಹೊರಟು ಚನ್ನಮ್ಮ ಸರ್ಕಲ್ ಸುತ್ತಿ ನಿಮ್ಮ ಶೋರೂಮಿನ ಬಾಗಿಲಿಗೆ ಎಳೆದು ತರುತ್ತೇವೆ, ಹಲಗಿ ಬಾರಿಸುವ ಮಜಲಿನವರಿಗೂ ಹೇಳಿ ಆಗಿದೆ. ಶನಿವಾರ ನಿಮ್ಮಲ್ಲಿ ಹೊಸ ಗಾಡಿಗಳ ಡೆಲಿವರಿ ಜಾಸ್ತಿ ಇರುತ್ತದೆಂದು ಕೇಳಿದ್ದೇನೆ. ಶನಿವಾರವೇ ಬರುತ್ತೇವೆ.

ಇಂತಿ,
(ಸಹಿ)
ಪಂಪ್‌ಸೆಟ್ ವ್ಯಾಪಾರಿ, ಗೋಕುಲ ರಸ್ತೆ, ಹುಬ್ಬಳ್ಳಿ