ಸುಳಿವು ಬರೆದವರೇ ಅದನ್ನು ಪರೀಕ್ಷಿಸಲಾಗದು

ಮಾನ್ಯ ಸಂಪಾದಕರೇ,

ದೊಡ್ಡವರಿಗಾಗಿ ಏರ್ಪಡಿಸುವ ಟ್ರೆಷರ್ ಹಂಟ್ (ಸುಳಿವುಗಳ ಜಾಡು ಹಿಡಿದು ಬಚ್ಚಿಟ್ಟದ್ದನ್ನು ಹುಡುಕುವ ಆಟ) ಕೂಟಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಸಂತೋಷದಿಂದ ಓದಿದೆ. ಆದರೆ ಅದರ ಬಹುಪಾಲು ಅಲಂಕಾರ, ವೇಷಭೂಷಣ, ಬಹುಮಾನಗಳಿಗೇ ಮೀಸಲಾಗಿ, ಆಟದ ಜೀವಾಳವಾದ ಸುಳಿವುಗಳಿಗೆ ಎರಡೇ ಸಾಲು ದಕ್ಕಿರುವುದರಿಂದ, ಇಂತಹ ಆಟಗಳನ್ನು ಹಲವು ಬಾರಿ ನಡೆಸಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ಆಟದ ವಿಷಯವಸ್ತು (ಥೀಮ್) ಎಂದರೆ ಗೋಡೆಗೆ ಅಂಟಿಸುವ ಚಿತ್ರವಲ್ಲ. ಆಟಗಾರರು ಯೋಚಿಸುವ ಬಗೆಯನ್ನೇ ಅದು ನಿರ್ಧರಿಸಬೇಕು. ಕಾಣೆಯಾದ ಗಡಿಯಾರ ರಿಪೇರಿಗಾರನೊಬ್ಬನ ಕಥೆಯನ್ನು ಆರಿಸಿಕೊಂಡಿರೆಂದುಕೊಳ್ಳಿ. ನಾಲ್ಕು ಕಡೆ ನಿಂತುಹೋದ ಗಡಿಯಾರಗಳನ್ನಿಟ್ಟು, ಅವುಗಳ ಗಂಟೆಮುಳ್ಳು ತೋರಿಸುವ 1ರಿಂದ 9ರೊಳಗಿನ ಅಂಕಿಗಳಿಂದಲೇ ಕೊನೆಯ ಪೆಟ್ಟಿಗೆಯ ನಂಬರ್ ಲಾಕ್ ತೆರೆಯುವಂತೆ ಮಾಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಎಲ್ಲರೂ ಒಂದೇ ಜಾಗಕ್ಕೆ ಮುಗಿಬೀಳದಿರಲು ಒಂದೊಂದು ತಂಡವನ್ನು ಒಂದೊಂದು ಕಡೆಯಿಂದ ಕಳುಹಿಸಬೇಕಾಗುತ್ತದೆ. ಆಗ ಗಡಿಯಾರಗಳು ಸಿಕ್ಕ ಕ್ರಮವೇ ಅಂಕಿಗಳ ಕ್ರಮವಾಗುವಂತಿಲ್ಲ. ಆದ್ದರಿಂದ ಪ್ರತಿ ಗಡಿಯಾರಕ್ಕೂ ಒಂದು ದಾರ ಕಟ್ಟಿ, ಅದರಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಗಂಟು ಹಾಕಿಟ್ಟರೆ ಕ್ರಮ ತಾನಾಗಿ ತಿಳಿಯುತ್ತದೆ. ಬಣ್ಣದ ಗುರುತಿಗಿಂತ ಗಂಟು ಮೇಲು, ಏಕೆಂದರೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಎಲ್ಲರ ಕಣ್ಣಿಗೂ ಕಾಣುವುದಿಲ್ಲ.

ನಾನು ಮೊದಲ ಸಲ ಆಟ ನಡೆಸಿದಾಗ 'ಕಾಲಿದೆ, ನಡೆಯದು' ಎಂಬ ಸುಳಿವು ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದುದು ಮೂಲೆಯ ಒಂದು ಸ್ಟೂಲು. ತಂಡಗಳು ಮನೆಯ ಕುರ್ಚಿ, ಮೇಜು, ಮಂಚಗಳನ್ನೆಲ್ಲ ತಡಕಿದವು; ಇಪ್ಪತ್ತೈದು ನಿಮಿಷ ಕಳೆದ ಮೇಲೆ ಒಂದು ತಂಡ ಹುಡುಕುವುದನ್ನೇ ಬಿಟ್ಟು ಕುಳಿತಿತು. ಅವರ ತಪ್ಪು ಏನೂ ಇರಲಿಲ್ಲ, ಅವರು ಕೊಟ್ಟ ಉತ್ತರಗಳೆಲ್ಲವೂ ಸರಿಯೇ ಆಗಿದ್ದವು. ಬರೆದವರ ಕಣ್ಣಿಗೆ ತಮ್ಮ ಉತ್ತರವೊಂದೇ ಕಾಣುತ್ತದೆ. ಅಂದಿನಿಂದ, ಸಿದ್ಧತೆಯಲ್ಲಿ ಪಾಲ್ಗೊಳ್ಳದ ಒಬ್ಬರನ್ನು ಕರೆದು, ಇಡೀ ಆಟವನ್ನು ಅವರಿಂದ ಆಡಿಸಿ, ನಡುವೆ ಒಂದು ಮಾತನ್ನೂ ಆಡದೆ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತರೆಂದು ಬರೆದಿಟ್ಟುಕೊಳ್ಳುತ್ತೇನೆ. ಬಾಯಿ ಮುಚ್ಚಿಕೊಂಡಿರುವುದೇ ಇದರಲ್ಲಿ ಬಲು ಕಷ್ಟದ ಕೆಲಸ. ಆಮೇಲೂ ಉಳಿಯುವ ತೊಡಕಿಗೆ, ಪ್ರತಿ ತಂಡದ ಕೈಯಲ್ಲಿ ಮುಚ್ಚಿದ ಲಕೋಟೆಯಲ್ಲೊಂದು ಸಹಾಯದ ಸುಳಿವು ಇರಲಿ. ಒಡೆದರೆ ಅಂಕ ಕಳೆಯಲಿ, ಆಟ ಮಾತ್ರ ನಿಲ್ಲದಿರಲಿ.

1920 ಮತ್ತು 30ರ ದಶಕಗಳಲ್ಲಿ ಔತಣಕೂಟಗಳ ಏರ್ಪಾಡಿಗೆ ಹೆಸರಾದ ಅಮೆರಿಕದ ಎಲ್ಸಾ ಮ್ಯಾಕ್ಸ್‌ವೆಲ್ ತಮ್ಮ ಔತಣಕೂಟಗಳ ಮೂಲಕ ಈ ಆಟದ್ದೇ ಇನ್ನೊಂದು ಬಗೆಯಾದ, ಪಟ್ಟಿ ಹಿಡಿದು ವಸ್ತು ಹುಡುಕುವ ಆಟವನ್ನು ಜನಪ್ರಿಯಗೊಳಿಸಿದಾಗ, ಪಟ್ಟಿಯಲ್ಲಿದ್ದ ವಿಚಿತ್ರ ವಸ್ತುಗಳನ್ನು ಅತಿಥಿಗಳು ಹೊರಗಿನಿಂದ ತರಬೇಕಿತ್ತು. ಈಗ ಎಲ್ಲರ ಬಳಿಯೂ ಮೊಬೈಲ್ ಇರುವಾಗ ವಸ್ತುವಿನ ಫೋಟೊ ತಂದರೆ ಸಾಕು. ಯಾರದೋ ವಸ್ತುವನ್ನು ಕೇಳದೆ ಎತ್ತಿಕೊಂಡು ಬರುವ ಪ್ರಸಂಗವೇ ಇರುವುದಿಲ್ಲ. ಆಟ ಮನೆಯಿಂದ ಹೊರಗೆ ನಡೆಯುವುದಾದರೆ ಆಯಾ ಜಾಗದವರ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ವಾಹನದಲ್ಲಿ ಓಡಾಡಿ ಮೊದಲು ತಲುಪಿದವರಿಗೆ ಅಂಕ ಎಂಬ ನಿಯಮವನ್ನು ದಯವಿಟ್ಟು ಯಾರೂ ಮಾಡಬಾರದು. ಮೆಟ್ಟಿಲು ಹತ್ತಲಾಗದವರು, ಸಣ್ಣ ಅಕ್ಷರ ಓದಲು ಕಷ್ಟಪಡುವವರು ದೊಡ್ಡವರ ಕೂಟದಲ್ಲಿ ಇದ್ದೇ ಇರುತ್ತಾರೆ. ಆಹ್ವಾನ ನೀಡುವಾಗಲೇ ಇದನ್ನು ವಿಚಾರಿಸಿಕೊಂಡರೆ ಅವರು ಮೂಲೆಯಲ್ಲಿ ಕುಳಿತು ಅಂಕ ಬರೆಯುವವರಾಗಿ ಉಳಿಯದೆ ಆಟಗಾರರೇ ಆಗುತ್ತಾರೆ.

ಈ ವಿಷಯದ ಮುಂದಿನ ಬರಹದಲ್ಲಿ ಸುಳಿವುಗಳನ್ನು ರಚಿಸುವ ಮತ್ತು ಪರೀಕ್ಷಿಸುವ ಕ್ರಮವನ್ನು ಉದಾಹರಣೆಗಳೊಂದಿಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗರಲ್ಲೊಬ್ಬರು